ಆಟಿ ಮಳೆಯ ವರಸೆ ಬದಲಾಗಿದೆ

ಕಾಸರಗೋಡಿನ ಮುಳ್ಳೇರಿಯ ಕಡೆ ಅಡಿಕೆಗೆ ಮದ್ದು ಬಿಡಲು ಎಲ್ಲರೂ ಹೊಳವಿಗೆ, ಅಂದರೆ ಮಳೆ ಬಿಡುವು ಕೊಡುವುದಕ್ಕೆ, ಕಾಯುತ್ತಿದ್ದಾರೆ. ಮೊದಲು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಜಿರಿಜಿರಿ ಅಂತ ದಿನಗಟ್ಟಲೆ ಸುರಿಯುತ್ತಿತ್ತು, ಈಗ ನಾಲ್ಕು ದಿನ ಸುಮ್ನಿದ್ದು ಒಂದೇ ರಾತ್ರಿ ಎಲ್ಲ ಹೊಯ್ದುಬಿಡುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ಆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಅದಕ್ಕೇ ಮಳೆಗಾಲದಲ್ಲೂ ಗುಡುಗುವ ಎತ್ತರದ ಮೋಡಗಳು ನಮ್ಮ ಕರಾವಳಿಯಲ್ಲಿ ಹೆಚ್ಚುತ್ತಿವೆ ಅಂತ ಹವಾಮಾನ ತಜ್ಞರು ಹೇಳುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗುಡ್ಡ ಕುಸಿದು ಕೊಚ್ಚಿಹೋದದ್ದು ನೆನೆದರೆ ಈಗಲೂ ಎದೆ ನಡುಗುತ್ತದೆ. ಇಡೀ ವರ್ಷದ ಮಳೆಯ ಲೆಕ್ಕ ಸರಿಯಿದೆ ಅಂದರೆ ಸಾಲದು ಅಲ್ವಾ, ಗುಡ್ಡ ಕುಸಿಯುವುದು ಒಂದೆರಡು ದಿನದಲ್ಲಿ ಬಿದ್ದ ನೀರಿಗೆ. ದೇಲಂಪಾಡಿಯಂಥ ಕಡೆ ಗುಡ್ಡದಡಿಯ ಮನೆಗಳ ಹತ್ತಿರ ಮಳೆಮಾಪಕ ಇಡಲೇಬೇಕು.