ಮರಿಗೆ ಏನಂತ ಹೆಸರಿಟ್ಟಾರ?

ಫೆಬ್ರವರಿ 3ರ ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಸಣ್ಣ ತಟ್ಟೆ. ಅದರಲ್ಲಿ ಬೆಳ್ಳಗಿನ ತೆಳು ಚೂರುಗಳು. ಅಂಚು ಮುದುರಿಕೊಂಡು ಹೂವಿನ ದಳದ ಹಾಗೆ ಕಾಣುತ್ತಿತ್ತು. ಒಂದು ಬದಿಗೆ ಮಾತ್ರ ದಾರದಷ್ಟು ಕಪ್ಪು ಅಂಚು. ಪಕ್ಕದಲ್ಲಿ ನಂಜಿಕೊಳ್ಳಲು ಹುಳಿ ಹಾಕಿದ ಮಿಸೊ, ಅಂದರೆ ಹುದುಗಿಸಿದ ಸೋಯಾದ ಮುದ್ದೆ. ನಾನು ಅದನ್ನು ಯಾವುದೋ ಗೆಡ್ಡೆ ಅಂದುಕೊಂಡೆ. ಅಜ್ಜಿ ನಕ್ಕು ಹೇಳಿದರು: "ಒಬಾಯ್ಕೆ. ತಿಮಿಂಗಿಲದ ಬಾಲ."

ಆ ದಿನ ಇಲ್ಲಿ ಜಪಾನಿನಲ್ಲಿ ಸೆತ್ಸುಬುನ್. ಚಳಿಗಾಲ ಮುಗಿಯಿತು ಅಂತ ಹುರಿದ ಸೋಯಾ ಕಾಳು ಎರಚಿ ಕೆಟ್ಟದ್ದನ್ನು ಮನೆಯಿಂದ ಓಡಿಸುವ ಹಬ್ಬ. ಅಜ್ಜಿಯ ತವರು ಶಿಮೊನೊಸೆಕಿ. ಆ ಕಡೆ ಈ ಹಬ್ಬಕ್ಕೆ ತಿಮಿಂಗಿಲ ತಿನ್ನುವ ಪದ್ಧತಿ ಇದೆ. ದೊಡ್ಡದನ್ನು ತಿಂದರೆ ವರ್ಷವೂ ದೊಡ್ಡದಾಗುತ್ತದೆ ಅನ್ನುವ ನಂಬಿಕೆ.

ನಾನು ಬಾಗಲಕೋಟೆಯವಳು. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು ನಾವು. ನವನಗರದ ಹತ್ತಿರ ಒಂದು ಡಿಗ್ರಿ ಕಾಲೇಜಿನಲ್ಲಿ ಆರು ವರ್ಷ ಪ್ರಾಣಿಶಾಸ್ತ್ರ ಕಲಿಸಿದ್ದೆ. ಮನೆಯವರ ಕೆಲಸದಿಂದಾಗಿ ಈಗ ಕಿಟಾಕ್ಯೂಶೂ ಊರಿನ ಮೋಜಿ ಎಂಬಲ್ಲಿ ಇದ್ದೇವೆ. ಎದುರಿಗೇ ಜಲಸಂಧಿ, ಆಚೆ ದಡವೇ ಶಿಮೊನೊಸೆಕಿ. ಸಮುದ್ರದ ಅಡಿಯಲ್ಲಿ ನಡೆದು ಹೋಗುವವರಿಗಾಗಿಯೇ ಒಂದು ಸುರಂಗ ಇದೆ. 780 ಮೀಟರ್. ಹತ್ತು ಹನ್ನೆರಡು ನಿಮಿಷದಲ್ಲಿ ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ ಹೋಗಿಬಿಡಬಹುದು.

ತಟ್ಟೆಯನ್ನು ನಾನು ತೆಗೆದುಕೊಳ್ಳಲಿಲ್ಲ. ನಾವು ತಿನ್ನುವುದಿಲ್ಲ ಅಂತ ನನಗೆ ಬರುವ ಅಷ್ಟಿಷ್ಟು ಜಪಾನಿಯಲ್ಲಿ ಹೇಳಿದೆ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. ಕೂತು ಚಹಾ ಕುಡಿದರು. ಸಣ್ಣವರಿದ್ದಾಗ ಶಾಲೆಯ ಮಧ್ಯಾಹ್ನದ ಊಟದಲ್ಲಿ ಕರಿದ ತಿಮಿಂಗಿಲ ಕೊಡುತ್ತಿದ್ದರಂತೆ. ಜಗಿದಷ್ಟೂ ಮುಗಿಯದಷ್ಟು ಗಟ್ಟಿ. ಆದರೆ ಬೇರೆ ಮಾಂಸ ಎಲ್ಲಿತ್ತು? ಯುದ್ಧ ಸೋತ ದೇಶ, ಹಸಿದ ಮಕ್ಕಳು. 1947ರ ಹೊತ್ತಿಗೆ ಜಪಾನಿನವರು ತಿಂದ ಮಾಂಸದಲ್ಲಿ ಹೆಚ್ಚು ಕಡಿಮೆ ಅರ್ಧ ತಿಮಿಂಗಿಲದ್ದೇ. ಅಂಟಾರ್ಕ್ಟಿಕಾಕ್ಕೆ ಹಡಗು ಕಳಿಸಿ ಬೇಟೆ ಶುರು ಮಾಡಿ ಅಂತ ಅನುಮತಿ ಕೊಟ್ಟದ್ದು ಅಮೆರಿಕದ ಜನರಲ್ ಮ್ಯಾಕಾರ್ಥರ್. ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣ ಇದೆ. ಊರಿನಲ್ಲಿ ಕೂತು ಸುದ್ದಿ ಓದುವಾಗ ಜಪಾನಿನವರು ಸುಮ್ನೆ ಚಟಕ್ಕೆ ಕೊಲ್ಲುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ.

ರಾತ್ರಿ ಅವ್ವನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. "ಅಷ್ಟ ದೊಡ್ಡ ಜೀವಾನ ಹೆಂಗ ಹಿಡೀತಾರ ಯವ್ವಾ?" ಅಂದಳು. ಆಮೇಲೆ ಸ್ವಲ್ಪ ತಡೆದು, "ಗಬ್ಬದ್ದಿದ್ರೂ ಬಿಡಂಗಿಲ್ಲೇನು?" ಅಂದಳು.

ಆ ಎರಡನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಶಿಮೊನೊಸೆಕಿಯ ಕೈಕ್ಯೋಕಾನ್ ಮತ್ಸ್ಯಾಲಯದಲ್ಲಿ ನೀಲಿ ತಿಮಿಂಗಿಲದ ನಿಜವಾದ ಅಸ್ಥಿಪಂಜರ ತೂಗುಹಾಕಿದ್ದಾರೆ. ಅದರ ಕೆಳಗೆ ನಿಂತು ಬಾಲದ ತುದಿಯಿಂದ ತಲೆಯವರೆಗೆ ಹೆಜ್ಜೆ ಎಣಿಸುತ್ತಾ ಹೋದೆ. ಮೂವತ್ತು ದಾಟಿತು. ದವಡೆಯ ಒಂದೊಂದು ಎಲುಬೂ ನಮ್ಮ ಹಳೇ ಮನೆಯ ತೊಲೆಯಷ್ಟು ದಪ್ಪ. ಅದನ್ನು ಕೊಟ್ಟದ್ದು ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯ. ನಾರ್ವೆಯ ಸ್ವೆಂಡ್ ಫಾಯ್ನ್ 1860ರ ದಶಕದಲ್ಲಿ ತುದಿಗೆ ಸಿಡಿಮದ್ದು ಇಟ್ಟ ಈಟಿಯನ್ನು ತೋಪಿನಿಂದ ಹಾರಿಸುವ ಬಗೆಯನ್ನು ಕಂಡುಹಿಡಿದ. ಅಲ್ಲಿಯವರೆಗೆ ನೀಲಿ ತಿಮಿಂಗಿಲ ಯಾರ ಕೈಗೂ ಸಿಗುವ ಪ್ರಾಣಿ ಆಗಿರಲಿಲ್ಲ. 1930-31ರ ಒಂದೇ ಹಂಗಾಮಿನಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳನ್ನು ಕೊಂದರು. ಹೆಚ್ಚಿನವು ನಾರ್ವೆ, ಬ್ರಿಟನ್‌ಗಳ ಹಡಗು. ಬೇಕಾಗಿದ್ದದ್ದು ಎಣ್ಣೆ. ಸಾಬೂನಿಗೆ, ಮಾರ್ಗರಿನ್‌ಗೆ.

1946ರಲ್ಲಿ ವಾಷಿಂಗ್ಟನ್‌ನಲ್ಲಿ ಒಪ್ಪಂದ ಆಯಿತು, ಅದರಿಂದ ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ಹುಟ್ಟಿತು. ಮೊದಮೊದಲು ಅದು ಬೇಟೆಗಾರ ದೇಶಗಳದ್ದೇ ಕೂಟ. ಅಲ್ಲಿ 'ನೀಲಿ ತಿಮಿಂಗಿಲ ಯೂನಿಟ್' ಅಂತ ಒಂದು ಲೆಕ್ಕ ಇತ್ತು. ಒಂದು ನೀಲಿ ಅಂದರೆ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ ಆರು ಸೇಯ್; ಇವೆಲ್ಲ ನೀಲಿಗಿಂತ ಸಣ್ಣ ಜಾತಿಯ ತಿಮಿಂಗಿಲಗಳು. ಒಟ್ಟು ಇಷ್ಟು ಯೂನಿಟ್ ಅಂತ ಮಿತಿ ಹಾಕಿದರೆ ಯಾರು ತಾನೇ ಸಣ್ಣದನ್ನು ಹುಡುಕುತ್ತಾರೆ? ಎಲ್ಲರೂ ದೊಡ್ಡದಕ್ಕೇ ಬಿದ್ದರು. ಸೋವಿಯತ್ ಒಕ್ಕೂಟ ಸುಳ್ಳು ಲೆಕ್ಕ ಕೊಟ್ಟು ಸುಮಾರು 1,80,000 ತಿಮಿಂಗಿಲಗಳನ್ನು ಮುಚ್ಚಿಟ್ಟಿತ್ತು ಅನ್ನುವುದು ಆಮೇಲೆ ಅಲ್ಲಿನ ವಿಜ್ಞಾನಿಗಳೇ ಬಾಯಿಬಿಟ್ಟಾಗ ಜಗತ್ತಿಗೆ ಗೊತ್ತಾಯಿತು.

1982ರಲ್ಲಿ ಆಯೋಗ ವ್ಯಾಪಾರದ ಬೇಟೆ ನಿಲ್ಲಿಸಿ ಅಂತ ತೀರ್ಮಾನಿಸಿತು. 25 ದೇಶಗಳು ಪರ, 7 ವಿರೋಧ. ಹಿಂದಿನ ವರ್ಷವಷ್ಟೇ ಸದಸ್ಯತ್ವ ಪಡೆದಿದ್ದ ಭಾರತವೂ ನಿಲ್ಲಿಸುವವರ ಜೊತೆ ನಿಂತಿತ್ತು. ಆದರೆ ಒಪ್ಪಂದದಲ್ಲಿ ಒಂದು ದಾರಿ ಇತ್ತು. ಆಕ್ಷೇಪ ಸಲ್ಲಿಸಿದ ದೇಶಕ್ಕೆ ತೀರ್ಮಾನ ಅನ್ವಯಿಸುವುದಿಲ್ಲ. ನಾರ್ವೆ ಆಕ್ಷೇಪ ಸಲ್ಲಿಸಿತು, ಇಂದಿಗೂ ಅದನ್ನು ಹಿಂದೆ ತೆಗೆದುಕೊಂಡಿಲ್ಲ, ಇಂದಿಗೂ ಮಿಂಕೆ ತಿಮಿಂಗಿಲ ಹಿಡಿಯುತ್ತದೆ. ಜಪಾನೂ ಸಲ್ಲಿಸಿತ್ತು. ಆದರೆ ನಮ್ಮ ಕಡಲಿನಲ್ಲಿ ನಿಮಗೆ ಮೀನು ಹಿಡಿಯಲು ಬಿಡುವುದಿಲ್ಲ ಅಂತ ಅಮೆರಿಕ ಹೆದರಿಸಿತು. ಜಪಾನ್ ಆಕ್ಷೇಪ ವಾಪಸ್ ಪಡೆಯಿತು. ಇಲ್ಲಿಯ ವಯಸ್ಸಾದವರು ಈ ಮಾತು ಬಂದರೆ ಈಗಲೂ ಮುಖ ಗಂಟುಹಾಕುತ್ತಾರೆ. ಅದರಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲಾರೆ.

ಆಮೇಲೆ ಜಪಾನ್ ಹಿಡಿದ ದಾರಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಪ್ಪಂದದ 8ನೇ ವಿಧಿ ಸಂಶೋಧನೆಗಾಗಿ ತಿಮಿಂಗಿಲ ಕೊಲ್ಲಲು ಪರವಾನಗಿ ಕೊಡುವ ಅಧಿಕಾರವನ್ನು ಆಯಾ ದೇಶಕ್ಕೇ ಬಿಟ್ಟಿದೆ. ಹಾಗೆ ಕೊಂದದ್ದನ್ನು ಹಾಳು ಮಾಡದೆ ಬಳಸಬೇಕು ಅಂತಲೂ ಹೇಳುತ್ತದೆ. 1987ರಲ್ಲಿ ಅದೇ ವಿಧಿಯ ಹೆಸರಿನಲ್ಲಿ ಅಂಟಾರ್ಕ್ಟಿಕಾ ಬೇಟೆ ಶುರುವಾಯಿತು. ನಿಶಿನ್ ಮಾರು ಎಂಬ ದೊಡ್ಡ ಹಡಗಿನ ಪಕ್ಕೆಗೆ ಆಳೆತ್ತರದ ಅಕ್ಷರದಲ್ಲಿ 'ರಿಸರ್ಚ್' ಅಂತ ಬರೆದರು. ಮಾಂಸ ಮಾರುಕಟ್ಟೆಗೆ ಹೋಯಿತು.

ನಾನು ಪ್ರಾಣಿಶಾಸ್ತ್ರ ಕಲಿಸಿದವಳು. ಪ್ರಾಕ್ಟಿಕಲ್‌ನಲ್ಲಿ ಕಪ್ಪೆ ಕೊಯ್ದಿದ್ದೇನೆ. ಬಿಎಸ್ಸಿ ಓದುವಾಗ ನಮ್ಮ ಮೇಡಂ ಪ್ರತಿ ಸಲ ಕೇಳುತ್ತಿದ್ದರು: "ಇವತ್ತು ಎಷ್ಟು ಕಪ್ಪೆ? ಯಾಕೆ ಅಷ್ಟು? ಒಂದರಲ್ಲಿ ನಾಲ್ಕು ಜನ ನೋಡಬಹುದಲ್ಲ?" ಉತ್ತರ ಕೊಡದಿದ್ದರೆ ಪೆಟ್ಟಿಗೆ ತೆರೆಯಲು ಬಿಡುತ್ತಿರಲಿಲ್ಲ. ಆಮೇಲೆ ಕಾಲೇಜುಗಳಲ್ಲಿ ಕೊಯ್ಯುವುದೇ ನಿಂತಿತು. ಒಳ್ಳೆಯದೇ ಆಯಿತು. ಆದರೆ ಆ ಪ್ರಶ್ನೆ ನನ್ನ ಜೊತೆ ಉಳಿಯಿತು. ಎಷ್ಟು? ಯಾಕೆ ಅಷ್ಟು?

ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಕೇಳಿದ್ದೂ ಇದನ್ನೇ. 2010ರಲ್ಲಿ ಆಸ್ಟ್ರೇಲಿಯಾ ಜಪಾನ್ ಮೇಲೆ ಮೊಕದ್ದಮೆ ಹೂಡಿತು. ನ್ಯೂಜಿಲೆಂಡ್ ನಡುವೆ ಸೇರಿಕೊಂಡಿತು. 2014ರ ಮಾರ್ಚ್ 31ರಂದು ತೀರ್ಪು. 12 ನ್ಯಾಯಾಧೀಶರು ಒಂದು ಕಡೆ, 4 ಜನ ಇನ್ನೊಂದು ಕಡೆ. ನಮ್ಮ ದೇಶದ ದಲವೀರ್ ಭಂಡಾರಿ ಬಹುಮತದ ಕಡೆ ಇದ್ದರು. ಮಾಂಸ ಮಾರಿದ ಮಾತ್ರಕ್ಕೆ ಸಂಶೋಧನೆ ಅಲ್ಲ ಅನ್ನಲಾಗದು ಅಂತ ಕೋರ್ಟ್ ಹೇಳಿತು. ಅಲ್ಲಿಯವರೆಗೆ ನ್ಯಾಯವಾಗಿಯೇ ನಡೆದುಕೊಂಡಿತು. ಆಮೇಲೆ ಲೆಕ್ಕಕ್ಕೆ ಬಂತು. ವರ್ಷಕ್ಕೆ ಸುಮಾರು 850 ಮಿಂಕೆ, 50 ಫಿನ್, 50 ಹಂಪ್‌ಬ್ಯಾಕ್ ಬೇಕು ಅಂತ ಯೋಜನೆಯಲ್ಲಿ ಬರೆದಿದ್ದರು. ಏಳು ಹಂಗಾಮಿನಲ್ಲಿ ಸಿಕ್ಕ ಫಿನ್ 18. ಹಂಪ್‌ಬ್ಯಾಕ್ ಒಂದೂ ಇಲ್ಲ. 2012-13ರಲ್ಲಿ ಮಿಂಕೆ 103 ಮಾತ್ರ. ಅಷ್ಟರಲ್ಲೇ ಸಂಶೋಧನೆ ಸರಿಯಾಗಿ ನಡೆದಿದ್ದರೆ 850 ಯಾಕೆ ಬೇಕಿತ್ತು? ಕೊಲ್ಲದೆ ತಿಳಿಯುವ ದಾರಿಗಳನ್ನು ಯಾಕೆ ನೋಡಲಿಲ್ಲ? ಸುಮಾರು 3,600 ಮಿಂಕೆ ಸತ್ತ ಮೇಲೆ ಜಪಾನ್ ತೋರಿಸಿದ್ದು ಪರಿಶೀಲನೆಗೊಳಗಾದ ಎರಡು ಪ್ರಬಂಧ. ಇದು ಸಂಶೋಧನೆಯ ಉದ್ದೇಶಕ್ಕಾಗಿ ನಡೆದ ಬೇಟೆ ಅಲ್ಲ ಅಂತ ಕೋರ್ಟ್ ತೀರ್ಮಾನಿಸಿತು. ಆ ತೀರ್ಪು ಓದುವಾಗ ನನಗೆ ನಮ್ಮ ಮೇಡಂ ಧ್ವನಿಯೇ ಕೇಳಿಸಿತು.

ತೀರ್ಪು ಬೇರೆ, ಅದು ದಡ ಮುಟ್ಟುವುದು ಬೇರೆ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಎತ್ತರ 524.256 ಮೀಟರ್ ಆಗಬಹುದು ಅಂತ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿತು. ಗೆಜೆಟ್ ಗೆಜೆಟ್ ಅಂತ ನಾವು ಎಷ್ಟು ವರ್ಷ ಕಾದಿದ್ದೇವೆ! ಅಜ್ಜನ ಮನೆ ಹಿನ್ನೀರಿನಲ್ಲಿ ಹೋದ ಮೇಲೂ ಅವ್ವ ಮೀಟರಿನ ಲೆಕ್ಕವನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಹರಿಯುವ ನೀರಿಗೆ ನಾಲ್ಕು ರಾಜ್ಯ ಜಗಳಾಡುತ್ತವೆ. ತಿಮಿಂಗಿಲವೂ ಹಾಗೇ, ಯಾರ ಗಡಿಯಲ್ಲೂ ನಿಲ್ಲುವುದಿಲ್ಲ.

ಜಪಾನ್ ಒಂದು ಹಂಗಾಮು ಅಂಟಾರ್ಕ್ಟಿಕಾದಲ್ಲಿ ಕೊಲ್ಲಲಿಲ್ಲ. 2015ರಲ್ಲಿ ಹೊಸ ಹೆಸರಿನ ಯೋಜನೆ ಬಂತು, ವರ್ಷಕ್ಕೆ 333 ಮಿಂಕೆ. ಸಮುದ್ರದ ಜೀವಿಗಳ ವಿಷಯದಲ್ಲಿ ಆ ಕೋರ್ಟಿಗೆ ಬರುವುದಿಲ್ಲ ಅಂತಲೂ ಅದೇ ವರ್ಷ ಬರೆದುಕೊಟ್ಟಿತು. 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್ ಸಭೆಯಲ್ಲಿ ವ್ಯಾಪಾರದ ಬೇಟೆಗೆ ಮತ್ತೆ ಬಾಗಿಲು ತೆರೆಯಿರಿ ಅಂತ ಕೇಳಿತು. 27 ಮತ ಪರ, 41 ವಿರೋಧ. ಡಿಸೆಂಬರ್‌ನಲ್ಲಿ ಆಯೋಗ ಬಿಡುವುದಾಗಿ ಹೇಳಿತು. 2019ರ ಜುಲೈ 1ರಿಂದ ತನ್ನದೇ ಕಡಲಿನಲ್ಲಿ ಬಹಿರಂಗವಾಗಿ ವ್ಯಾಪಾರಕ್ಕೇ ಹಿಡಿಯುತ್ತಿದೆ. ಅಂಟಾರ್ಕ್ಟಿಕಾಕ್ಕೆ ಹೋಗುತ್ತಿಲ್ಲ. 2024ರಲ್ಲಿ ಕಾಂಗೆಯ್ ಮಾರು ಎಂಬ ಹೊಸ ಹಡಗು ಹೊರಟದ್ದು ಇದೇ ಶಿಮೊನೊಸೆಕಿ ಬಂದರಿನಿಂದ.

ಈ ಬೇಟೆಯೂ ನಿಲ್ಲಲಿ ಅನ್ನುವುದೇ ನನ್ನ ಆಸೆ. ಆದರೂ ಹಡಗಿನ ಪಕ್ಕೆಯ ಮೇಲಿನ ಆ ಸುಳ್ಳು ಪದ ಹೋಯಿತಲ್ಲ, ಅದಕ್ಕೆ ನನಗೆ ಸಮಾಧಾನ ಇದೆ. ಯಾಕೆ ಅನ್ನುವುದು ಕಾಯೋಯಿಗೆ ಹೋದಾಗ ಇನ್ನೂ ಚೆನ್ನಾಗಿ ತಿಳಿಯಿತು.

ಕಾಯೋಯಿ ಶಿಮೊನೊಸೆಕಿ ಇರುವ ಯಾಮಾಗುಚಿ ಜಿಲ್ಲೆಯದೇ ಉತ್ತರ ತೀರದ ಮೀನುಗಾರರ ಊರು. ಅಜ್ಜಿಯೇ ಕರೆದುಕೊಂಡು ಹೋದರು. ದಾರಿ ಕಿರಿದು, ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಸಣ್ಣ ಗುಡಿಯ ಆವರಣದಲ್ಲಿ ಆಳಿಗಿಂತ ಎತ್ತರದ ಕಲ್ಲು. 1692ರಲ್ಲಿ ನಿಲ್ಲಿಸಿದ್ದು. ಕಲ್ಲಿನ ಮೇಲೆ ಅಮಿದಾ ಬುದ್ಧನ ನಾಮ ಕೆತ್ತಿದ್ದಾರೆ, ಹಾವಸೆ ಹಿಡಿದಿದೆ. ಅದರ ಹಿಂದಿನ ನೆಲದಲ್ಲಿ ಎಪ್ಪತ್ತಕ್ಕೂ ಜಾಸ್ತಿ ತಿಮಿಂಗಿಲ ಮರಿಗಳನ್ನು ಹೂತಿದ್ದಾರೆ. ತಾಯಿಯನ್ನು ಕೊಯ್ದಾಗ ಹೊಟ್ಟೆಯಲ್ಲಿ ಸಿಕ್ಕವು. ಅಜ್ಜಿ ಕಲ್ಲಿನ ಸಾಲುಗಳ ಅರ್ಥ ಬಿಡಿಸಿ ಹೇಳಿದರು: ನಿನ್ನನ್ನು ಕಡಲಿಗೆ ಬಿಟ್ಟರೂ ನೀನು ಬದುಕುವುದಿಲ್ಲ, ಮನುಷ್ಯರ ಜೊತೆ ನಿನಗೂ ಬುದ್ಧನ ಫಲ ಸಿಗಲಿ. ಅಲ್ಲಿನ ದೇವಸ್ಥಾನ ತಿಮಿಂಗಿಲಗಳಿಗೆ ಹೆಸರಿಟ್ಟು ಬರೆದ ಸಾವಿನ ದಾಖಲೆ ಪುಸ್ತಕವನ್ನೂ ಇಟ್ಟಿತ್ತು. ಈಗಲೂ ಪ್ರತಿ ವರ್ಷ ಅವಕ್ಕೆ ಪೂಜೆ ನಡೆಯುತ್ತದೆ.

ಆ ಕಲ್ಲಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಇನ್ನೊಂದು ದಾಖಲೆ. 2017-18ರ ಅಂಟಾರ್ಕ್ಟಿಕಾ ಯೋಜನೆಯ ವರದಿ. 333 ಮಿಂಕೆ. ಅದರಲ್ಲಿ ಹೆಣ್ಣು 181. ಗಬ್ಬದವು 122. ಉದ್ದ, ತೂಕದ ಲೆಕ್ಕಗಳ ಜೊತೆ ಅದೂ ಒಂದು ಲೆಕ್ಕ, ಅಷ್ಟೇ. ಕಾಯೋಯಿಯ ಬೇಟೆಗಾರರೂ ಕೊಂದರು. ಆದರೆ ಕೊಂದೆವು ಅಂದರು. ಹಾಗೆ ಅಂದದ್ದಕ್ಕೇ ಅಳಲೂ ಅವರಿಗೆ ಜಾಗ ಇತ್ತು. ಸ್ಯಾಂಪಲ್ ಅಂತ ಬರೆದ ಮೇಲೆ ಯಾರು ಯಾರಿಗೆ ಕಲ್ಲು ನಿಲ್ಲಿಸುತ್ತಾರೆ? ನಾನು ಪ್ರೀತಿಸಿ ಕಲಿಸಿದ ವಿಷಯದ ಹೆಸರನ್ನು ಇದಕ್ಕೆ ಬಳಸಿದರಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಲ್ಲಿನ ಫೋಟೊ ಅವ್ವನಿಗೆ ಕಳಿಸಿ, ಪುಸ್ತಕದ ವಿಷಯವನ್ನೂ ಹೇಳಿದೆ. ಬಸ್ಸಿನಲ್ಲಿ ವಾಪಸ್ ಬರುವಾಗಲೇ ಅವಳ ಫೋನ್.

"ಆ ಮರಿಗೋಳಿಗೆ ಪುಸ್ತಕದಾಗ ಹೆಸರು ಬರದಾರ ಅಂದ್ಯಲ್ಲ, ಏನಂತ ಹೆಸರಿಟ್ಟಾರ?"

ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯನ್ನು ಕೇಳಿದೆ. ಸತ್ತವರಿಗೆ ಗುರುಗಳು ಕೊಡುವ ಹೆಸರು, ಕಾಯ್ಮ್ಯೋ ಅಂತಾರೆ, ಬದುಕಿದ್ದಾಗಿನ ಹೆಸರಲ್ಲ ಅಂತ ಹೇಳಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ನಮ್ಮ ಯಜಮಾನರಿಗೂ ಅಂಥದೇ ಹೆಸರು ಕೊಟ್ಟರು" ಅಂದರು.

ಅದನ್ನೇ ಅವ್ವನಿಗೆ ಹೇಳಿದೆ. ಅವಳು ತುಸು ಹೊತ್ತು ಏನೂ ಮಾತಾಡಲಿಲ್ಲ. "ಆ ಅಜ್ಜಿಗೆ ನಮ್ಮ ಶೇಂಗಾ ಹೋಳಿಗಿ ಕೊಟ್ಟಿಯೇನು?" ಅಂದಳು. ಇನ್ನೂ ಇಲ್ಲ ಅಂದೆ. ಮುಂದಿನ ವಾರ ಊರಿಂದ ಬರುವವರ ಕೈಯಲ್ಲಿ ಎರಡು ಡಬ್ಬಿ ಕಳಿಸುತ್ತಾಳಂತೆ.