ಮಲಗಿದವರ ಕಣ್ಣಿನ ಎತ್ತರ

ಎರಡು ವರ್ಷಗಳ ಹಿಂದೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಒಂಬತ್ತು ದಿನ ಅವಳ ಜೊತೆ ಆಸ್ಪತ್ರೆಯಲ್ಲಿದ್ದೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಸಿಸ್ಟರ್‌ಗಳು ಮುತುವರ್ಜಿಯಿಂದ ನೋಡಿಕೊಂಡರು. ಆದರೆ ಎರಡನೆಯ ದಿನದಿಂದ ಅಮ್ಮ ಒಂದು ಟವೆಲನ್ನು ಮಡಚಿ ಕಣ್ಣಿನ ಮೇಲೆ ಹಾಕಿಕೊಂಡೇ ಇರುತ್ತಿದ್ದಳು. ನೋವಿರಬೇಕೆಂದು ವಿಚಾರಿಸಿದೆ. “ನೋವಲ್ಲ ಕಣೇ, ಆ ಲೈಟು. ಕಣ್ಣು ಮುಚ್ಚಿದರೂ ಒಳಗೇ ಬರುತ್ತೆ” ಎಂದಳು. ಅವಳ ದಿಂಬಿನ ಪಕ್ಕ ತಲೆಯಿಟ್ಟು ಮೇಲೆ ನೋಡಿದಾಗಲಷ್ಟೇ ಟ್ಯೂಬ್‌ಲೈಟು ನೇರವಾಗಿ ಅವಳ ಮುಖದ ಮೇಲಿದೆಯೆಂಬುದು ನನಗೆ ತಿಳಿಯಿತು. ಕಟ್ಟಡಗಳ ನಕ್ಷೆ ಬರೆಯುವುದೇ ನನ್ನ ಕಸುಬಾಗಿದ್ದರೂ ಎರಡು ದಿನ ಅದೇ ಕೋಣೆಯಲ್ಲಿ ಓಡಾಡಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಫಿನ್ಲೆಂಡಿನ ಪಾಯ್ಮಿಯೊ ಎಂಬಲ್ಲಿ 1933ರಲ್ಲಿ ಪೂರ್ಣಗೊಂಡ ಕ್ಷಯರೋಗಿಗಳ ಆರೋಗ್ಯಧಾಮದ ಬಗ್ಗೆ ಕಾಲೇಜಿನಲ್ಲಿ ಓದಿದ್ದೆ. ಅದರ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ, ಆ ಕೆಲಸ ಕೈಗೆ ಬಂದಾಗ ತಾವೇ ಕಾಯಿಲೆಯಾಗಿ ಮಲಗಿದ್ದರಿಂದ ಕೋಣೆಯೊಂದು ಮಲಗಿದವರಿಗೆ ಹೇಗೆ ಕಾಣುತ್ತದೆಂಬುದು ಅರಿವಾಯಿತೆಂದು ಮುಂದೆ ಬರೆದುಕೊಂಡರು. ಅವರು ಚಾವಣಿಗೆ ಬಿಳಿಯ ಬದಲು ಕಣ್ಣಿಗೆ ತಂಪಾದ ಮಂದ ಬಣ್ಣ ಬಳಿಸಿದರು, ದೀಪವನ್ನು ರೋಗಿಯ ನೋಟಕ್ಕೆ ಸಿಗದ ಜಾಗದಲ್ಲಿ ಇರಿಸಿದರು, ಕೋಣೆ ಬೆಚ್ಚಗಾಗಿಸುವ ಶಾಖ ತಲೆಗೆ ಬಡಿಯದೆ ಕಾಲಿನ ಕಡೆಗೆ ಹೋಗುವಂತೆ ಮಾಡಿದರು. ಒಂದು ಕೋಣೆಗೆ ಇಬ್ಬರು ರೋಗಿಗಳು; ಒಬ್ಬರು ಕೈ ತೊಳೆದರೆ ಇನ್ನೊಬ್ಬರ ನಿದ್ದೆ ಕೆಡಬಾರದೆಂದು ನೀರು ಓರೆಯಾಗಿ ಬಿದ್ದು ಸದ್ದಿಲ್ಲದೆ ಜಾರಿಹೋಗುವ ಬೇಸಿನ್ನುಗಳನ್ನೇ ಬೇರೆಯಾಗಿ ರೂಪಿಸಿದರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ವಿವರಗಳೆಲ್ಲ ಟವೆಲ್ ಹೊದ್ದ ಅಮ್ಮನ ಮುಖ ನೋಡುತ್ತಿದ್ದಾಗ ಒಂದೊಂದಾಗಿ ನೆನಪಾದವು.

ಕಿಟಕಿಯ ಮಾತೂ ಹೀಗೆಯೇ. ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಪರಿಶೀಲಿಸಿ, ವಯಸ್ಸು ಮುಂತಾದವುಗಳಲ್ಲಿ ಹೊಂದಿಕೆಯಾಗುವ 23 ಜೋಡಿಗಳನ್ನು ಆರಿಸಿದರು. ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳು, ಇನ್ನೊಬ್ಬರ ಕಿಟಕಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ನೋಡುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು, ಅವರಿಗೆ ಕಡುನೋವಿನ ಔಷಧಿ ಕಡಿಮೆ ಬೇಕಾಗಿತ್ತು. 1984ರಲ್ಲಿ ಪ್ರಕಟವಾದ ಈ ಅಧ್ಯಯನದ ಸಂಖ್ಯೆ ಚಿಕ್ಕದು, ಅದೊಂದನ್ನೇ ನಂಬಿ ಆಸ್ಪತ್ರೆ ಕಟ್ಟಲಾಗದು. ಆದರೂ ಎಲೆಯುದುರಿದ ಮರ ಲೆಕ್ಕಕ್ಕೆ ಬರಬಾರದೆಂದು ಅವರು ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ದಾಖಲೆಗಳನ್ನಷ್ಟೇ ತೆಗೆದುಕೊಂಡ ಎಚ್ಚರ ನನಗೆ ಬಹಳ ಇಷ್ಟ.

ನಮ್ಮಲ್ಲಿ ಕಿಟಕಿಯಿಲ್ಲವೆಂದಲ್ಲ. ಅಮ್ಮನ ಕೋಣೆಯಲ್ಲೂ ದೊಡ್ಡ ಕಿಟಕಿಯಿತ್ತು, ಹೊರಗೆ ಮರವೂ ಇತ್ತು. ಆದರೆ ಕಿಟಕಿಯ ಕೆಳಅಂಚು ಮನೆಗಳಲ್ಲಿ ಇಡುವಂತೆ ಮೂರಡಿಗೂ ಮೇಲಿತ್ತು. ಮಂಚದ ಮೇಲೆ ಮಲಗಿದವರ ಕಣ್ಣು ನೆಲದಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಅವಳಿಗೆ ಒಂಬತ್ತು ದಿನವೂ ಕಂಡದ್ದು ಒಂದು ತುಂಡು ಬಿಳಿಯ ಆಕಾಶ ಮಾತ್ರ.

ಸದ್ದಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರ್ಡುಗಳಿಗೆ ಹೇಳಿರುವ ರಾತ್ರಿಯ ಮಿತಿ 30 ಡೆಸಿಬೆಲ್, ಅಂದರೆ ಪಿಸುಮಾತಿನಷ್ಟು. ಟ್ರಾಲಿಯ ಗಾಲಿಗೆ ರಬ್ಬರು, ಬಾಗಿಲು ಧಡಾರನೆ ಬಡಿಯದಂತೆ ಒಂದು ಕ್ಲೋಸರ್, ಇಷ್ಟರಿಂದಲೇ ರಾತ್ರಿಯ ಗದ್ದಲ ಎಷ್ಟೋ ಇಳಿದೀತು.

ಇನ್ನು ಜೊತೆಗಿರುವವರ ಪಾಡು. ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಎಂಬ ಬ್ರಿಟಿಷ್ ಮಹಿಳೆಗೆ ಕ್ಯಾನ್ಸರ್ ಮರುಕಳಿಸಿದೆಯೆಂಬ ಸುದ್ದಿ ತಿಳಿದ ಮೇಲೆ ಕುಳಿತುಕೊಳ್ಳಲು ಸಿಕ್ಕಿದ್ದು ಆಸ್ಪತ್ರೆಯ ಕಿಟಕಿಯಿಲ್ಲದ ಒಂದು ಕಾರಿಡಾರು. ಆ ಅನುಭವದಿಂದ ಆಕೆ ಕನಸು ಕಂಡ, ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ಆಸರೆಯಾಗುವ ಕೇಂದ್ರ ಆಕೆ ತೀರಿಕೊಂಡ ಮರುವರ್ಷ, 1996ರಲ್ಲಿ, ಎಡಿನ್‌ಬರೋದ ಆಸ್ಪತ್ರೆಯ ಆವರಣದಲ್ಲಿದ್ದ ಹಳೆಯ ಕುದುರೆಲಾಯದಲ್ಲಿ ತೆರೆಯಿತು. ಅಂಥ ಕೇಂದ್ರಗಳ ನಡುವೆ ಇರುವುದು ಒಂದು ಅಡುಗೆಮನೆ, ಒಂದು ದೊಡ್ಡ ಮೇಜು. ಬಂದವರು ತಾವೇ ಚಹಾ ಮಾಡಿಕೊಂಡು ಕೂರಬಹುದು. ನಮ್ಮಲ್ಲಿ ಒಬ್ಬ ರೋಗಿಯ ಹಿಂದೆ ಮನೆಯವರೆಲ್ಲ ಬರುತ್ತಾರೆ, ಫ್ಲಾಸ್ಕು, ಕ್ಯಾರಿಯರು, ಚಾಪೆ ಹೊತ್ತು ಬರುತ್ತಾರೆ. ಅವರನ್ನು ಅಡಚಣೆಯೆಂದೇ ನೋಡುವ ನಕ್ಷೆಗಳು ಹೆಚ್ಚು. ತೊಟ್ಟಿಮನೆಯ ಅಂಗಳದಂತೆ ಬೆಳಕು ಬೀಳುವ ಒಂದು ಜಾಗ, ಸುತ್ತ ಜಗಲಿ, ಬಿಸಿನೀರಿನ ಒಂದು ನಲ್ಲಿ, ಊಟ ಬಿಚ್ಚಿ ಕೂರಲು ಒಂದು ಮೂಲೆ ಇದ್ದರೆ ಅವರು ಬಿಲ್ಲಿಂಗ್ ಕೌಂಟರಿನ ಮುಂದಿನ ಮೆಟ್ಟಿಲ ಮೇಲೆ ಉಣ್ಣಬೇಕಾಗುವುದಿಲ್ಲ.

ಈಗ ನನ್ನ ಕೈಯಲ್ಲಿ ಇಪ್ಪತ್ತು ಹಾಸಿಗೆಗಳ ಒಂದು ನರ್ಸಿಂಗ್ ಹೋಮಿನ ಕೆಲಸವಿದೆ. ಹೋದ ತಿಂಗಳು ಪ್ಲಾಸ್ಟರು ಮುಗಿದ ಕೋಣೆಗೆ ಒಂದು ಮಂಚ ತರಿಸಿ, ನರ್ಸಿಂಗ್ ಹೋಮಿನ ಮಾಲೀಕರಾದ ಡಾಕ್ಟರನ್ನೇ ಮಲಗಲು ಕೇಳಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅವರು, “ಮೇಡಂ, ಆಚೆ ಹೊಂಗೆಮರ ಇತ್ತಲ್ಲಾ, ಕಾಣ್ತಾನೇ ಇಲ್ಲ” ಎಂದರು. ಮರುದಿನ ಮೇಸ್ತ್ರಿ ಹತ್ತು ಕೋಣೆಗಳಲ್ಲೂ ಕಿಟಕಿಯ ಕೆಳಗಿನ ಒಂದಡಿ ಗೋಡೆ ಒಡೆಯಲು ಶುರುಮಾಡಿದರು.