ಮುದಗಲ್ ಕೋಟೆಯ ಕಂದಕದಲ್ಲಿ ಮೆಕ್ಸಿಕೋದ ದುಂಬಿ

ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನ ನೋಡಿಕೊಂಡು, ಲಿಂಗಸುಗೂರು ದಾಟಿ ಮುದಗಲ್ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಆಗಸ್ಟ್ ತಿಂಗಳು. ಒಳ್ಳೆ ಮಳೆಯಾಗಿತ್ತು, ಎರೆಹೊಲಗಳು ಇನ್ನೂ ಹಸಿಯಾಗಿದ್ದವು. ದಾರಿಯುದ್ದಕ್ಕೂ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ. ಇದರಿಂದ ಮೈ ತುರಿಸಿ ನಿದ್ದೆಗೆಟ್ಟವರನ್ನು ನೋಡಿದ್ದೇನೆ. ಹಾಗಾಗಿ ಕೋಟೆಯ ಕಂದಕದ ಬಳಿ ಅದರ ಎಲೆಗಳು ಜರಡಿಯಂತೆ ತೂತಾಗಿದ್ದು ಕಂಡು ಖುಷಿಯಾಯಿತು.

ತಿನ್ನುತ್ತಿದ್ದ ದುಂಬಿಗಳು ಎಲೆ ಮೇಲೆಯೇ ಇದ್ದವು. ವೈಜ್ಞಾನಿಕ ಹೆಸರು ಜೈಗೋಗ್ರಾಮಾ ಬೈಕಲರೇಟಾ. ಉದ್ದ ಸುಮಾರು 6 ಮಿಲಿಮೀಟರ್. ಕಂದು ತಲೆ, ಉಬ್ಬಿದ ಬೆನ್ನು. ಕೆನೆಬಣ್ಣದ ರೆಕ್ಕೆಕವಚದ ಮೇಲೆ ಉದ್ದಕ್ಕೆ ಹರಿದ ಕಡುಕಂದು ಪಟ್ಟೆಗಳು. ಎಷ್ಟು ಚಂದದ ಜೀವಿ! ಎಲೆಯ ಕೆಳಗೆ ಹಳದಿ ಮೊಟ್ಟೆಗಳೂ ಇದ್ದವು. ಮರಿಹುಳುಗಳು ಮೊದಲು ಚಿಗುರು ತಿನ್ನುತ್ತವೆ. ಚಿಗುರೇ ಹೋದರೆ ಗಿಡ ಹೂಬಿಡುವುದು ಕಷ್ಟ ಅಲ್ವಾ? ನನಗೆ ಇದೇ ಇದರ ದೊಡ್ಡ ಗುಣ.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. "ಏನ್ ನೋಡಾಕತ್ತೀರಿ ತಮ್ಮಾ?"

"ಈ ಹುಳ ನೋಡ್ರಿ ಯಜಮಾನ್ರ, ಮೆಕ್ಸಿಕೋ ದೇಶದ್ದು."

ಕಥೆ ಹೇಳಿದೆ. ಗಿಡವೂ ಅಮೆರಿಕ ಖಂಡದ ಕಡೆಯದೇ. ಅದನ್ನು ಹತೋಟಿಗೆ ತರಲೆಂದು 1983ರಲ್ಲಿ ದುಂಬಿಯನ್ನು ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟರು. ಆಸ್ಟ್ರೇಲಿಯಾದಲ್ಲಿ 1980ರಲ್ಲೇ ಬಿಟ್ಟಿದ್ದರು. ಇಲ್ಲಿಂದ ಅದು ದೇಶದ ಬಹಳ ಕಡೆ ಹರಡಿದೆ. ನೇಪಾಳ, ಪಾಕಿಸ್ತಾನದಲ್ಲೂ ಇದೆ.

"ನಮ್ಮ ಸೂರ್ಯಕಾಂತಿ ತಿಂತಾವೇನು?" ರಾಯಚೂರು ಸೀಮೆಯ ರೈತ ಕೇಳಲೇಬೇಕಾದ ಪ್ರಶ್ನೆ. 1990ರ ದಶಕದಲ್ಲಿ ಸೂರ್ಯಕಾಂತಿ ಎಲೆ ಮೇಲೆ ಇವು ಕಂಡು ದೊಡ್ಡ ಗದ್ದಲವಾಗಿತ್ತು, ಬಿಡುವುದನ್ನೂ ನಿಲ್ಲಿಸಿದ್ದರು. ಆಮೇಲೆ ಪರಿಶೀಲಿಸಿ, ಬೆಳೆಗೆ ಅಪಾಯವಿಲ್ಲ ಎಂದು ಮತ್ತೆ ಒಪ್ಪಿದರು. ಇದರ ಸಂಸಾರ ನಡೆಯುವುದು ಪಾರ್ಥೇನಿಯಂ ಮೇಲೆಯೇ.

"ಬ್ಯಾಸಗ್ಯಾಗ ಕಾಣಂಗಿಲ್ಲಲ್ಲ?"

ಸರಿಯಾಗಿ ಗಮನಿಸಿದ್ದರು. ಒಣ ದಿನಗಳಲ್ಲಿ ಇವು ಮಣ್ಣೊಳಗೆ ಸುಮ್ನೆ ಮಲಗುತ್ತವೆ. ಮಳೆ ಬಿದ್ದ ಮೇಲೆ ಏಳುತ್ತವೆ. ಕಾಲುವೆ ಬದಿಯಲ್ಲಿ ಗಿಡಕ್ಕೆ ವರ್ಷವಿಡೀ ನೀರು, ದುಂಬಿಗೆ ಮಾತ್ರ ಮಳೆಯ ಕೆಲವೇ ತಿಂಗಳು. ಅದಕ್ಕೇ ಇದೊಂದನ್ನೇ ನಂಬಿ ಕೂರಬಾರದು, ಹೂಬಿಡುವ ಮುಂಚೆ ಕೈಯಿಂದ ಕೀಳುವುದೂ ಬೇಕು.

ಅವರು ಒಂದಿಷ್ಟು ದುಂಬಿಗಳನ್ನು ಟವೆಲ್ಲಿನ ಮೂಲೆಯಲ್ಲಿ ಕಟ್ಟಿಕೊಂಡರು, ಹೊಲದ ಬದುವಿಗೆ ಬಿಡಲು. ಆ ಬದುವಿಗೆ ಮಾತ್ರ ಎಣ್ಣಿ ಹೊಡಿಬ್ಯಾಡ್ರಿ, ಇವೂ ಸಾಯ್ತಾವ ಎಂದು ಹೇಳಿ ನಾನು ಕೋಟೆ ಬಾಗಿಲ ಕಡೆ ಹೊರಟೆ.